ಡಾಕ್ಟರ ಬೆನ್ನಿನ ಪೊರಕೆ

ಮೂಕಂಡಪಲ್ಲಿ ಬಿಟ್ಟಿದ್ದು

ನಮ್ಮಮ್ಮ ನನಗೆ ಪೊರಕೆ ಮುಟ್ಟಲು ಬಿಟ್ಟವಳಲ್ಲ. ಸೂಳಗಿರಿಯ ಶಾಲೆಯೊಂದರಲ್ಲಿ ಕಸ ಗುಡಿಸುವುದು ಅವಳ ಕೆಲಸ. ಅವಳ ಅತ್ತೆ ಊರ ಬೀದಿ ಗುಡಿಸುತ್ತಿದ್ದಳು. ಅದಕ್ಕೆ ಸಂಬಳ ಅಂತ ಇರಲಿಲ್ಲ, ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತರೆ ಮೊರಕ್ಕೆ ರಾಗಿ ಸುರಿಯುತ್ತಿದ್ದರು. ನಾನು ಹುಟ್ಟಿದ ಮೇಲೆ ಅಮ್ಮ ಹಟ ಹಿಡಿದಳು. ಸ್ವಂತ ಮನೆಯ ಅಂಗಳ ಗುಡಿಸಲು ಹೋದರೂ ಕೈಯಿಂದ ಕಿತ್ತುಕೊಳ್ಳುವಳು. "ನೀನ್ ಓದ್ಕೊ ಹೋಗು. ಇದು ನನ್ ಕೈಗೆ ಅಂಟ್ಕೊಂಡೈತೆ, ನನ್ ಜೊತೇಲೇ ಹೋಗ್ಲಿ."

ಹೋಗಲಿ ಅಂತಲೇ ಓದಿದೆ. ಕೃಷ್ಣಗಿರಿಯಲ್ಲಿ ಬಿ.ಎಸ್ಸಿ. ಮಾಡಿದೆ. ನಮ್ಮ ವಂಶದಲ್ಲಿ ಡಿಗ್ರಿ ತೆಗೆದುಕೊಂಡವರಲ್ಲಿ ನಾನೇ ಮೊದಲು, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೊಸೂರು ಪಕ್ಕದ ಮೂಕಂಡಪಲ್ಲಿಯ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳತೆ ನೋಡಿ ಪಾಸು ಮಾಡುವ ಕೆಲಸ ಸಿಕ್ಕಿತು. ಕಂಪನಿ ಇಂಗ್ಲೆಂಡಿನಿಂದ ಹೊಸ ಮೆಷೀನು ತರಿಸುವುದಿತ್ತು. ಅದನ್ನು ಕಲಿತು ಬರಲು ನನ್ನನ್ನೂ ಮುನಿರಾಜುವನ್ನೂ ಕಳಿಸಿದರು.

ಮುನಿರಾಜು ಬಾಗಲೂರು ಕಡೆಯ ಒಕ್ಕಲು ಮನೆಯ ಹುಡುಗ. ಅವನ ಅಜ್ಜನ ಕಾಲದಲ್ಲಿ ನಮ್ಮಂಥವರು ಅವರ ಮನೆಯ ಜಗಲಿ ಹತ್ತುವಂತಿರಲಿಲ್ಲ. ಅವನು ನನ್ನನ್ನು ಅಕ್ಕ ಅನ್ನುತ್ತಾನೆ, ನನ್ನ ಡಬ್ಬಿಯ ಅನ್ನ ಉಣ್ಣುತ್ತಾನೆ. ಇಷ್ಟು ಗೊತ್ತಿದ್ದರೆ ಮುಂದಿನದು ತಿಳಿಯುತ್ತದೆ.

ಅಮ್ಮ ನನ್ನ ಪೆಟ್ಟಿಗೆಗೆ ಬನ್ಸಿ ರವೆ ತುಂಬಿದಳು, ಮೇಲೆ ಒಂದು ಬಾಟಲಿ ಹರಳೆಣ್ಣೆ ಇಟ್ಟಳು. "ಆ ದೇಸ್ದಲ್ಲಿ ಚಳೀಗೆ ಕಾಲ್ ಹಿಡ್ಕೊಂಡ್ರೆ ತಿಕ್ಕೋರು ಯಾರವ್ರೆ?"

ಡಾರತಿಯ ಮನೆ

ನಾವು ಇಳಿದದ್ದು ಉತ್ತರದ ಗುಡ್ಡಗಾಡಿನ ಒಂದು ಸಣ್ಣ ಊರು. ಗುಡ್ಡ ಅಂದರೆ ಬೋಳು ಗುಡ್ಡ. ನಮ್ಮ ಸೂಳಗಿರಿ ಬೆಟ್ಟದಲ್ಲಿ ಬಂಡೆಯಾದರೂ ಇದೆ, ಇಲ್ಲಿ ಹುಲ್ಲು, ಕುರಿ, ಕಲ್ಲಿನ ಮೋಟುಗೋಡೆ, ಮತ್ತೆ ಹುಲ್ಲು. ಬೇಸಿಗೆಯ ಹೊತ್ತು. ರಾತ್ರಿ ಊಟ ಮುಗಿದರೂ ಹೊರಗೆ ಬಿಸಿಲು. ಮುನಿರಾಜು ಮೊದಲ ವಾರವೆಲ್ಲ ಕಿಟಕಿಗೆ ಟವೆಲ್ಲು ಕಟ್ಟಿಕೊಂಡು ಮಲಗಿದ.

ನಮ್ಮನ್ನು ಬಾಡಿಗೆಗೆ ಇಟ್ಟುಕೊಂಡವಳು ಡಾರತಿ. ಎಪ್ಪತ್ತರ ಹತ್ತಿರದ ಹೆಂಗಸು, ಕುರಿ ಸಾಕಿ ಬದುಕಿದವಳು. ಅವಳ ಗಂಡ ಆರ್ಥರ್‌ಗೆ ಲಕ್ವಾ ಹೊಡೆದು ಬಲಗಡೆ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಗಾಲಿಕುರ್ಚಿಯಲ್ಲಿ ಕಿಟಕಿಯ ಬಳಿ ಕೂತು ಗುಡ್ಡ ನೋಡುತ್ತಿರುತ್ತಿದ್ದರು. ಗುಡ್ಡದಲ್ಲಿ ದಾರಿ ತಪ್ಪಿದವರನ್ನು, ಬಿದ್ದವರನ್ನು ಹುಡುಕಿ ತರುವ ಊರಿನ ತಂಡವನ್ನು ಕಟ್ಟಿದವರೇ ಅವರಂತೆ.

ನನಗೆ ಮೊದಲ ಆಘಾತ ಕಾದಿದ್ದು ಊರಿನ ಬ್ರೆಡ್ಡಿನ ಅಂಗಡಿಯಲ್ಲಿ. ಗಲ್ಲಾದ ಪಕ್ಕ ಒಂದು ಡಬ್ಬಿ, ಅದರ ಮೇಲೆ ಹೆಲಿಕಾಪ್ಟರಿನ ಚಿತ್ರ. ಆಟಿಕೆಯದೋ ಏನೋ ಅಂದುಕೊಂಡೆ. ಡಾರತಿ ವಿವರಿಸಿದಾಗ ನಂಬಲು ಆಗಲಿಲ್ಲ. ಗುಡ್ಡದಲ್ಲಿ ಟ್ರ್ಯಾಕ್ಟರ್ ಮಗುಚಿದರೆ ಹೆಲಿಕಾಪ್ಟರು ಬರುತ್ತದೆ, ರೋಗಿಯನ್ನು ಎತ್ತಿಕೊಂಡು ಹೋಗುತ್ತದೆ, ಆದರೆ ಅದು ಸರ್ಕಾರದ್ದಲ್ಲ. ಜನ ಡಬ್ಬಿಗೆ ಹಾಕಿದ ಚಿಲ್ಲರೆಯಿಂದ ಹಾರುವುದು. ಹುಡುಕುವ ತಂಡವೂ ಹಾಗೆ. ಸಾಯುವವರನ್ನು ನೋಡಿಕೊಳ್ಳುವ ಮನೆಯೂ ಹಾಗೆ.

"ನಮ್ಮನ್ನ ಆಳ್ದೋರು ಕಣಕ್ಕ ಇವ್ರು," ಅಂದ ಮುನಿರಾಜು. "ಡಬ್ಬಿ ಅಳ್ಳಾಡುಸ್ತಾ ಕೂತವ್ರೆ."

ನಮ್ಮ ಹೈವೇಯಲ್ಲಿ ಬಿದ್ದವರನ್ನು ಯಾರು ಎತ್ತುತ್ತಾರೆ ಅಂತ ಯೋಚಿಸಿದೆ. ಟೊಮೆಟೊ ಟೆಂಪೋದವರು. ಕ್ರೇಟು ಇಳಿಸಿ, ಗಾಯಾಳುವನ್ನು ಮಲಗಿಸಿಕೊಂಡು ಹೊಸೂರಿನತ್ತ ಓಡಿಸುತ್ತಾರೆ. ಅದಕ್ಕೆ ಡಬ್ಬಿಯೂ ಇಲ್ಲ, ಹೆಸರೂ ಇಲ್ಲ. ಟೆಂಪೋ ಸಿಕ್ಕಿದರೆ ಅದೃಷ್ಟ.

ಈ ಹಣ ಕೂಡಿಸಲು ಅವರು ಮಾಡುವುದು ಕೇಳಿ ಇನ್ನೂ ದಂಗಾದೆ. ವರ್ಷಕ್ಕೊಮ್ಮೆ ಒಂದು ದಿನ, ಬೆಳಗಿನಿಂದ ಸಂಜೆಯವರೆಗೆ, ಹೊಸೂರಿನಿಂದ ಸೂಳಗಿರಿ ದಾಟಿ ಹೋಗುವಷ್ಟು ದೂರ ಗುಡ್ಡ ಹತ್ತಿ ಇಳಿದು ನಡೆಯುತ್ತಾರೆ, ಕೆಲವರು ಓಡುತ್ತಾರೆ. ನಡೆಯುವವರ ಹೆಸರಿನಲ್ಲಿ ನೆಂಟರು, ಅಕ್ಕಪಕ್ಕದವರು ದುಡ್ಡು ಕೊಡುತ್ತಾರೆ. ನಮ್ಮಲ್ಲಿ ಹರಕೆ ಹೊತ್ತವರೇ ಉರುಳುತ್ತಾರೆ. ಇಲ್ಲಿ ಒಬ್ಬರು ಹರಕೆ ಹೊರುತ್ತಾರೆ, ಇನ್ನೊಬ್ಬರು ಉರುಳುತ್ತಾರೆ.

ಡಾರತಿಯೂ ನಡೆಯುವವಳಿದ್ದಳು. ಅವಳ ಮಂಡಿ ಸವೆದುಹೋಗಿತ್ತು. ಚಳಿಗಾಲ ಬರುವ ಮೊದಲು ಕೊಯ್ದು ಬೇರೆ ಕೀಲು ಇಡುತ್ತಾರೆ, ಆಮೇಲೆ ಗುಡ್ಡದ ಮಾತಿಲ್ಲ.

"ಯಾಕೆ ಬೇಕು ನಿಮಗೆ?" ಅಂತ ನೇರವಾಗಿ ಕೇಳಿದೆ. ಅಲ್ಲಿ ಯಾರೂ ಯಾರನ್ನೂ ಹಾಗೆ ಕೇಳುವುದಿಲ್ಲ ಅಂತ ಆಮೇಲೆ ತಿಳಿಯಿತು.

ಅವಳು ಬೆಣ್ಣೆ ಸವರುತ್ತಲೇ ಹೇಳಿದಳು. "ಮುಗಿಸಿ ಬಂದವರಿಗೆಲ್ಲ ಗಂಟೆ ಹೊಡೆಯುವುದು ಆರ್ಥರ್ ಕೆಲಸ. ಎಡಗೈಯಲ್ಲಿ ಹೊಡೆಯುತ್ತಾನೆ. ಹೋದ ವರ್ಷ ಊರಿಗೆಲ್ಲ ಹೊಡೆದ. ನನಗೆ ಹೊಡೆಯಲಿಲ್ಲ. ನಾನು ಅರ್ಧದಾರಿಯಿಂದ ಕಾರಿನಲ್ಲಿ ಬಂದೆ."

ಅಷ್ಟು ಹೇಳಿ ನಾಯಿಗೆ ತಿಂಡಿ ಹಾಕಲು ಎದ್ದಳು.

ಕೊಟ್ಟಿಗೆಯ ನಿಲ್ದಾಣ

ದಾರಿಯ ನಡುವೆ ನೀರು ಕೊಡುವ ನಿಲ್ದಾಣಗಳಿದ್ದವು. ನನಗೂ ಮುನಿರಾಜುವಿಗೂ ಸಿಕ್ಕಿದ್ದು ಕಡೆಯದು, ಕಡಿದಾದ ಏರು ಮುಗಿದಲ್ಲಿ ಒಬ್ಬ ರೈತನ ಕಲ್ಲಿನ ಕೊಟ್ಟಿಗೆ. ಡಾರತಿ ನನಗೆ ತನ್ನ ಹಳೆಯ ಬೂಟು ಕೊಟ್ಟಿದ್ದಳು. ಮುನಿರಾಜು ಆಫೀಸಿನ ಕರಿ ಶೂಸಿನಲ್ಲೇ ಬಂದಿದ್ದ. ನಮ್ಮ ಮೇಲ್ವಿಚಾರಣೆಗೆ ಒಬ್ಬ ನಿವೃತ್ತ ಅಂಚೆಯವನಿದ್ದ. ಬೆಳಿಗ್ಗೆಯೇ ಒಬ್ಬ ಓಟಗಾರನ ಕಾಲು ಉಳುಕಿತು. ಅವನನ್ನು ಕಾರಿನಲ್ಲಿ ಹತ್ತಿಸಿಕೊಂಡು ಅಂಚೆಯವನು ಹೊರಟ. "ನೀರು ಕೊಡಿ, ನಂಬರು ಬರೆದುಕೊಳ್ಳಿ, ಕಳಿಸಿ. ಅಷ್ಟೇ," ಅಂದ.

ನಮ್ಮ ತಾತನ ವಯಸ್ಸಿನವರು ಚಡ್ಡಿ ಹಾಕಿಕೊಂಡು ಬಂದರು. ಒಬ್ಬಳ ಕಾಲುಚೀಲದಲ್ಲಿ ರಕ್ತ. ಇನ್ನೊಬ್ಬ ಗೋಡೆಗೆ ಒರಗಿ ವಾಂತಿ ಮಾಡಿಕೊಂಡ, ಬಾಯಿ ಒರೆಸಿಕೊಂಡ, ಒಳ್ಳೆಯ ಹವೆ ಅಂತ ನನಗೆ ಹೇಳಿ ಓಡಿದ.

"ಅಕ್ಕಾ, ಇವ್ರ್‌ಗೆಲ್ಲ ಮನೇಲಿ ಏನ್ ಕಷ್ಟ ಅಂತೀಯ?"

"ಸುಮ್ನಿರೋ."

"ಅಲ್ಲ ಕಣಕ್ಕ, ನಿಂತ್ಕೊಂಡೇ ನೀರ್ ಕುಡ್ದು ಹೋಗ್ತಾವ್ರೆ. ನೋಡಕ್ಕಾಯ್ತಿಲ್ಲ."

ನನಗೂ ಆಗಲಿಲ್ಲ. ನಮ್ಮ ಕಡೆ ಸಾಲ ಕೇಳಲು ಬಂದವನನ್ನೂ ನಿಲ್ಲಿಸಿ ನೀರು ಕೊಡುವುದಿಲ್ಲ. ಕೊಟ್ಟಿಗೆಯ ಒಳಗೆ ಮದುವೆಗೆ ಹಾಕುವಂಥ ಮಡಿಸುವ ಕುರ್ಚಿಗಳು ರಾಶಿ ಬಿದ್ದಿದ್ದವು. ತೆಗೆದು ಒರೆಸಿ ಸಾಲಾಗಿ ಹಾಕಿದೆವು. ಮಧ್ಯಾಹ್ನಕ್ಕೆ ನಮಗಿಬ್ಬರಿಗೆ ಅಂತ ರವೆ ಹುರಿದು ತಂದಿದ್ದೆ. ಟೀ ಕಾಯಿಸುವ ಒಲೆಯಲ್ಲಿ ಅಷ್ಟನ್ನೂ ಉಪ್ಪಿಟ್ಟು ಮಾಡಿದೆ. ಓಡುವವರು ಆಗಲೇ ಹೋಗಿದ್ದರು. ಈಗ ಬರುತ್ತಿದ್ದವರು ನಡೆಯುವವರು, ವಯಸ್ಸಾದವರು.

ಅವರು ಬೇಡ ಅಂದರು. ನಗುತ್ತಲೇ, ಕೂರುವುದಿಲ್ಲ, ಬಹಳ ಉಪಕಾರ, ಕೂರಬಾರದು ಅಂದರು. ನಮ್ಮಲ್ಲಿ ಮೊದಲ ಸಲ ಬೇಡ ಅನ್ನುವುದು ಮರ್ಯಾದೆ, ಎರಡನೇ ಸಲವೂ ಮರ್ಯಾದೆ. ಮೂರನೇ ಸಲಕ್ಕೆ ಕೈ ಹಿಡಿದು ಕೂರಿಸದಿದ್ದರೆ ಕರೆದವರ ಮರ್ಯಾದೆ ಹೋಗುತ್ತದೆ. ಕೈ ಹಿಡಿದೆ. ಅವರಲ್ಲಿ ಮೂರನೇ ಸಲ ಬೇಡ ಅನ್ನುವುದು ಒರಟುತನವಂತೆ. ಕೂತರು. ಉಪ್ಪಿಟ್ಟು ತಿಂದು ಹೊಗಳಿದರು, ಇನ್ನೊಂದು ಚಮಚ ಹಾಕಿಸಿಕೊಂಡರು. ನನಗೆ ಎದೆ ತುಂಬಿತು. ದೇಶ ಬಿಟ್ಟು ದೇಶಕ್ಕೆ ಬಂದು ಇಷ್ಟು ಜನಕ್ಕೆ ಬಡಿಸುತ್ತಿದ್ದೇನಲ್ಲ ಅಂತ.

ಆಮೇಲೆ ಅವರು ಏಳಲು ನೋಡಿದರು.

ಅದನ್ನು ಹೇಗೆ ಬರೆಯಲಿ. ಮುಂದಿನ ಸಾಲಿನ ಒಬ್ಬ ಭಾರಿ ಆಸಾಮಿ ಅರ್ಧ ಎದ್ದ, ಅಲ್ಲೇ ನಿಂತ, ಮೆಲ್ಲಗೆ ಮತ್ತೆ ಕೂತ. ಪಕ್ಕದವಳು ತನ್ನ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಮುಂದಕ್ಕಿಟ್ಟಳು, ಅದು ಯಾರದೋ ಕಾಲು ಅನ್ನುವ ಹಾಗೆ. ಒಬ್ಬ ಹೆಂಡತಿ ಗಂಡನನ್ನು ಎಳೆಯಲು ಹೋಗಿ ಅವನ ಮೇಲೇ ಬಿದ್ದಳು. ಬೆವರು ಆರಿ, ಗಾಳಿಗೆ ಮೈ ತಣ್ಣಗಾಗಿ, ಕಾಲೆಲ್ಲ ಮರದ ಕೊರಡಾಗಿತ್ತು. ಕೆಲವರು ಗೋಡೆ ಹಿಡಿದು ಕುಂಟುತ್ತಾ ಹೋದರು. ಬಹಳ ಜನ ಹೋಗಲೇ ಇಲ್ಲ, ಸೋತೆವು ಅಂತ ಎದೆಯ ಮೇಲಿನ ನಂಬರು ಬಿಚ್ಚಿ ಮೇಜಿನ ಮೇಲಿಟ್ಟರು. ಯಾರೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

"ರತ್ನಕ್ಕ," ಅಂದ ಮುನಿರಾಜು, ಸಣ್ಣ ದನಿಯಲ್ಲಿ. "ಉಪ್ಪಿಟ್ಟಲ್ಲೇನಾದ್ರೂ ಬಿತ್ತಾ?"

ಬೆನ್ನಿನ ಮೇಲೆ

ಎಲ್ಲರಿಗಿಂತ ಕೊನೆಗೆ ಡಾರತಿ ಬಂದಳು. ಅವಳ ಹಿಂದೆ ಹತ್ತು ಹೆಜ್ಜೆ ಬಿಟ್ಟು ಊರಿನ ಡಾಕ್ಟರು. ಅವರನ್ನು ನಾನು ಬಲ್ಲೆ, ನನ್ನ ಕೆಮ್ಮಿಗೆ ಔಷಧಿ ಬರೆದುಕೊಟ್ಟವರು. ಅವರ ಬೆನ್ನ ಮೇಲೆ ಪೊರಕೆ ಕಟ್ಟಿತ್ತು.

ಕಡ್ಡಿ ಪೊರಕೆ. ನಮ್ಮ ಬೀದಿ ಗುಡಿಸುವಂಥದೇ, ಉದ್ದ ಕೋಲಿನದು. ಕಡ್ಡಿಗಳು ತಲೆಯ ಮೇಲಕ್ಕೆ ಎದ್ದು ನಿಂತಿದ್ದವು.

ಹಾಸ್ಟೆಲಿನಲ್ಲಿದ್ದಾಗ ಸಭೆಗೆ ಬಂದ ಒಬ್ಬರು ಹೇಳಿದ್ದರು. ಒಂದು ಕಾಲದಲ್ಲಿ, ಒಂದು ಊರಲ್ಲಿ, ನಮ್ಮಂಥವರು ಬೀದಿಗೆ ಬಂದರೆ ಹಿಂದೆ ಪೊರಕೆ ಕಟ್ಟಿಕೊಂಡು ಬರಬೇಕಿತ್ತು, ನಮ್ಮ ಹೆಜ್ಜೆ ನಾವೇ ಗುಡಿಸಿಕೊಂಡು ಹೋಗಬೇಕಿತ್ತು ಅಂತ. ಆ ರಾತ್ರಿ ಹಾಸ್ಟೆಲಿನಲ್ಲಿ ಯಾರೂ ಊಟ ಮಾಡಿರಲಿಲ್ಲ. ಈಗ ಒಬ್ಬ ಡಾಕ್ಟರು ಅದನ್ನು ಕಟ್ಟಿಕೊಂಡು ಸಿಳ್ಳೆ ಹಾಕುತ್ತಾ ಬರುತ್ತಿದ್ದಾರೆ. ಯಾವ ತಪ್ಪಿಗೆ ಈ ಶಿಕ್ಷೆ ಅಂತ ನನಗೆ ಅರ್ಥವಾಗಲಿಲ್ಲ.

ಗಾಬರಿಯಾದರೆ ನಾನು ಉಪಚಾರಕ್ಕೆ ಇಳಿಯುತ್ತೇನೆ, ಅಮ್ಮನ ಗುಣ. ಕೂತಿದ್ದವರ ಕಾಲು ಯಾಕೆ ಹಿಡಿಯಿತು ಅಂತ ನನಗೆ ಇನ್ನೂ ಹೊಳೆದಿರಲಿಲ್ಲ. ಡಾರತಿ, "ರತ್ನಾ, ನನ್ನನ್ನು ಕೂರಿಸಬೇಡ," ಅಂತ ಎರಡು ಸಲ ಅಂದಳು. ಕೈ ಹಿಡಿದು ಕೂರಿಸಿದೆ. ಡಾಕ್ಟರು ನಿಂತಿದ್ದರೆ ಹೇಗೆ, ಅವರನ್ನೂ ಕೂರಿಸಿದೆ.

ಅಷ್ಟು ಹೊತ್ತಿಗೆ ಅಂಚೆಯವನು ಕಾರಿನಲ್ಲಿ ಬಂದ. ಸಾಲು ಕುರ್ಚಿ ನೋಡಿದ. ಟೋಪಿ ತೆಗೆದು ಎದೆಗೆ ಒತ್ತಿಕೊಂಡ, ಸಾವಿನ ಮನೆಗೆ ಬಂದವನ ಹಾಗೆ.

"ಕುರ್ಚಿ ಯಾರು ಹಾಕಿದ್ದು?"

"ನಾನು."

"ಈ ನಡಿಗೆಯಲ್ಲಿ ಗುಡ್ಡ ಯಾರನ್ನೂ ಸೋಲಿಸುವುದಿಲ್ಲ ತಾಯಿ. ಕುರ್ಚಿ ಸೋಲಿಸುತ್ತದೆ. ಅದಕ್ಕೇ ಎಲ್ಲೂ ಇಡುವುದಿಲ್ಲ."

ಡಾರತಿ ಏಳಲು ನೋಡಿದಳು. ಮಂಡಿ ಮಡಿಸಿದ್ದು ಮಡಿಸಿದಂತೆಯೇ ನಿಂತಿತ್ತು. ಡಾಕ್ಟರು ಅವಳನ್ನು ಹಿಡಿಯಲು ದಡಕ್ಕನೆ ಎದ್ದರು, ತೊಡೆಯ ನರ ಹಿಡಿದು, ಪೊರಕೆಯ ಸಮೇತ ಹುಲ್ಲಿನ ಮೇಲೆ ಉರುಳಿದರು. ನೋವಿಗೆ ಹಲ್ಲು ಕಚ್ಚಿಕೊಂಡೇ ನಗುತ್ತಿದ್ದರು. ಅವರಿಗೆ ಇನ್ನು ನಡೆಯಲು ಆಗುವುದಿಲ್ಲ ಅಂತ ಎಲ್ಲರಿಗೂ ಗೊತ್ತಾಯಿತು.

"ಸರಿ, ಕಾರು ಹತ್ತುತ್ತೇನೆ," ಅಂದಳು ಡಾರತಿ. ಯಾರನ್ನೂ ನೋಡದೆ ಅಂದಳು.

"ನೀವು ಯಾಕೆ ಹತ್ತಬೇಕು? ನಡೆಯಿರಿ, ನಾನು ಕಾಲು ತಿಕ್ಕುತ್ತೇನೆ," ಅಂದೆ.

"ಪೊರಕೆ ಇಲ್ಲದೆ ನಾನು ಹೋಗುವಂತಿಲ್ಲ."

ಆಗ ಡಾಕ್ಟರು ಬಿದ್ದಲ್ಲಿಂದಲೇ ಹೇಳಿದರು. ಬಹಳ ಹಿಂದೆ ಈ ನಡಿಗೆಯಲ್ಲಿ ಒಬ್ಬ ಹುಡುಗ ಕೊನೆಯವನಾಗಿ ಬರುತ್ತಿದ್ದ. ಮಂಜು ಮುಸುಕಿತು. ಅವನ ಹಿಂದೆ ಯಾರೂ ಇರಲಿಲ್ಲ, ಹಾಗಾಗಿ ಅವನು ಬರಲಿಲ್ಲ ಅಂತ ಯಾರಿಗೂ ತಿಳಿಯಲಿಲ್ಲ. ಮರುದಿನ ಅವನ ದೇಹ ಹುಡುಕಿದವರು ಆರ್ಥರ್. ಮುಂದಿನ ವರ್ಷ ಆರ್ಥರ್ ತನ್ನ ಕುರಿಮನೆಯ ಪೊರಕೆ ಬೆನ್ನಿಗೆ ಕಟ್ಟಿಕೊಂಡು ಎಲ್ಲರ ಹಿಂದೆ ನಡೆದರು, ಮಂಜಿನಲ್ಲೂ ಕಾಣಲಿ ಅಂತ ಕಡ್ಡಿ ಮೇಲಕ್ಕೆ ಮಾಡಿ. ಅಂದಿನಿಂದ ಇಲ್ಲಿ ಮನುಷ್ಯರು ಯಾರೂ ಕೊನೆಯವರಲ್ಲ. ಕೊನೆಯದು ಪೊರಕೆ. ಅದನ್ನು ಹೊರುವ ಸರದಿಗೆ ಜನ ವರ್ಷಗಟ್ಟಲೆ ಕಾಯುತ್ತಾರೆ. ಡಾಕ್ಟರೂ ಕಾದಿದ್ದರು.

ನಾನು ಚೀಲದಿಂದ ಹರಳೆಣ್ಣೆ ತೆಗೆದು ಬಿಸಿ ಮಾಡಿದೆ. ಮುನಿರಾಜು ಆ ಕಡೆ ತಿರುಗಿ ನಿಂತ. ಅಮ್ಮ ಶಾಲೆಯಿಂದ ಬಂದ ಮೇಲೆ ಅವಳ ಕಾಲು ತಿಕ್ಕುತ್ತಿದ್ದ ಹಾಗೇ, ಮೀನಖಂಡದಿಂದ ಮಂಡಿಯವರೆಗೆ, ಬೆರಳು ಒತ್ತಿ ತಿಕ್ಕಿದೆ. ಡಾರತಿ ಕಣ್ಣು ಮುಚ್ಚಿದಳು. ಮಂಡಿ ಬಿಟ್ಟಿತು. ಎದ್ದು ನಿಂತಳು.

ಪೊರಕೆ ಹುಲ್ಲಿನ ಮೇಲೆ ಬಿದ್ದಿತ್ತು. ಅಂಚೆಯವನು ಕಾರು ಓಡಿಸಬೇಕು, ಅವನಿಗೂ ಸೊಂಟ ನೋವು.

"ನಾ ಕಟ್ಕೋತೀನಿ ಬಿಡಕ್ಕ," ಅಂದ ಮುನಿರಾಜು. ಅವನ ಮುಖ ಕೆಂಪಾಗಿತ್ತು. "ನೀನ್ ಬ್ಯಾಡ. ಅಮ್ಮ ನೋಡುದ್ರೆ ಎದೆ ಒಡ್ಕೋತದೆ. ಕೊಡಿಲ್ಲಿ."

ಬಾಗಲೂರಿನ ಆ ಮನೆಯ ಮೊಮ್ಮಗ ಪೊರಕೆಗೆ ಕೈ ಚಾಚಿದ. ಆದರೆ ಡಾಕ್ಟರು ಅವನ ಕರಿ ಶೂಸು ನೋಡಿ ತಲೆಯಾಡಿಸಿದರು. ಮುಂದೆ ಒದ್ದೆ ಕಲ್ಲಿನ ಇಳಿಜಾರು, ಆ ಅಟ್ಟೆಯಲ್ಲಿ ಬಿದ್ದರೆ ಹೆಲಿಕಾಪ್ಟರೇ ಬರಬೇಕು. ಎಲ್ಲರೂ ನನ್ನ ಕಾಲಲ್ಲಿದ್ದ ಡಾರತಿಯ ಬೂಟು ನೋಡಿದರು.

ನಾನು ಬೆನ್ನು ತಿರುಗಿಸಿ ನಿಂತೆ. "ಕಟ್ಟೋ," ಅಂದೆ. ಮುನಿರಾಜುವೇ ಕಟ್ಟಿದ. ಎರಡು ಗಂಟು ಹಾಕಿ ಎಳೆದು ನೋಡಿದ.

ಇಳಿಜಾರು

ನಿಯಮ ಏನೆಂದರೆ ಪೊರಕೆ ಮುಂದಿನವರನ್ನು ದಾಟಬಾರದು, ಅವಸರ ಮಾಡಬಾರದು. ಅವರು ನಿಂತರೆ ನಿಲ್ಲಬೇಕು. ಡಾರತಿ ಮುಂದೆ, ನಾನು ಹಿಂದೆ. ಮಂಜು ಇಳಿಯಿತು. ಕಡ್ಡಿಗಳು ಗಾಳಿಗೆ ನನ್ನ ತಲೆಯ ಹಿಂದೆ ಸರಸರ ಅನ್ನುತ್ತಿದ್ದವು. ಆ ಸದ್ದು ನನಗೆ ಹುಟ್ಟಿದಾಗಿನಿಂದ ಗೊತ್ತು. ಅದನ್ನು ಕೇಳುತ್ತಲೇ ನಾನು ದಿನಾ ಎದ್ದದ್ದು.

ಒಂದು ಮೋಟುಗೋಡೆಯ ಬಳಿ ಡಾರತಿ ಉಸಿರಿಗೆ ನಿಂತಳು. "ಯಾಕೆ ಅಳುತ್ತಿದ್ದೀಯ?"

ಅಳುತ್ತಿದ್ದದ್ದು ನನಗೆ ತಿಳಿದಿರಲಿಲ್ಲ. ಹೇಳಿದೆ. ಅಮ್ಮನ ಕೆಲಸ ಹೇಳಿದೆ, ಅಜ್ಜಿಯ ಮೊರದ ರಾಗಿ ಹೇಳಿದೆ, ಹಾಸ್ಟೆಲಿನಲ್ಲಿ ಕೇಳಿದ್ದನ್ನು ಹೇಳಿದೆ. ನನ್ನ ಹರಕು ಇಂಗ್ಲಿಷಿನಲ್ಲಿ ಎಷ್ಟು ತಲುಪಿತೋ. ಅವಳು ಕೈಯಲ್ಲಿದ್ದ ಊರುಗೋಲನ್ನು ಗೋಡೆಗೆ ಒರಗಿಸಿದಳು.

"ಹಾಗಾದರೆ ಅದನ್ನು ಬಿಚ್ಚು. ನಾನು ಇಲ್ಲೇ ಕೂರುತ್ತೇನೆ. ಯಾರಾದರೂ ಬಂದು ಕರೆದುಕೊಂಡು ಹೋಗಲಿ."

ನಾನು ಬೆಚ್ಚಿಬಿದ್ದೆ. ಆ ಮುದುಕಿ ಇಡೀ ವರ್ಷ ಕಾದದ್ದನ್ನು, ಇನ್ನು ಮುಂದೆ ಎಂದೂ ಸಿಗದ್ದನ್ನು, ನನ್ನ ಬೆನ್ನಿನ ಎರಡು ಗಂಟಿಗೋಸ್ಕರ ಗೋಡೆಯ ಮೇಲೆ ಇಟ್ಟುಬಿಟ್ಟಿದ್ದಳು. ನಿಜವಾಗಿಯೂ ಕೂರಲು ಬಗ್ಗುತ್ತಿದ್ದಳು. ಅವಳ ತೋಳು ಹಿಡಿದು ತಡೆದೆ.

"ಕೂತರೆ ನೀವು ಏಳುವುದಿಲ್ಲ," ಅಂದೆ. "ನನ್ನ ಎಣ್ಣೆ ಖಾಲಿಯಾಗಿದೆ. ನಡೆಯಿರಿ."

ಗಂಟೆ

ಊರ ಸಭಾಭವನದ ಮುಂದೆ ಜನ ಕಾಯುತ್ತಿದ್ದರು. ಆರ್ಥರ್ ಗಾಲಿಕುರ್ಚಿಯಲ್ಲಿ, ಮಡಿಲಲ್ಲಿ ಹಿತ್ತಾಳೆ ಗಂಟೆ. ಯಾರೋ ಹೊದಿಸಿದ್ದ ಕಂಬಳಿ ಜಾರಿತ್ತು. ಒಳಗೆ ಹೋಗೋಣ ಅಂತ ಎಷ್ಟು ಸಲ ಕರೆದರೂ ಅವರು ಗಂಟೆ ಬಿಟ್ಟುಕೊಟ್ಟಿರಲಿಲ್ಲವಂತೆ. ಡಾರತಿ ಕುಂಟುತ್ತಾ ಹೋಗಿ ಬಾಗಿಲು ಮುಟ್ಟಿದಳು. ಅವರು ಎಡಗೈಯಲ್ಲಿ ಗಂಟೆ ಎತ್ತಿದರು. ಮೊದಲ ಏಟು ತಪ್ಪಿತು. ಎರಡನೆಯದಕ್ಕೆ ಗಂಟೆ ಮೊಳಗಿತು. ಗಂಡ ಹೆಂಡತಿ ತಬ್ಬಿಕೊಳ್ಳಲಿಲ್ಲ, ಅಳಲಿಲ್ಲ. ಅವಳು ಅವರ ಕಂಬಳಿ ಸರಿ ಮಾಡಿದಳು.

ನಾನು ದೂರದಲ್ಲೇ ನಿಂತೆ, ಬೆನ್ನಿನ ಗಂಟು ಬಿಚ್ಚಿಕೊಳ್ಳಲು ಕೈ ಹಿಂದಕ್ಕೆ ಹಾಕಿದ್ದೆ. ಗಂಟು ಸಿಗಲಿಲ್ಲ. ತಲೆಯೆತ್ತಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಭವನದ ಗೋಡೆಯುದ್ದಕ್ಕೂ ಕಾರಿನಲ್ಲಿ ಬಂದವರು ಕೂತಿದ್ದರು, ನಾನೇ ಕೂರಿಸಿ ಕೆಡಿಸಿದವರು. ಆ ಭಾರಿ ಆಸಾಮಿ ಮೊದಲು ಎದ್ದ. ಆಮೇಲೆ ಕಾಲು ಎತ್ತಿಟ್ಟಿದ್ದವಳು. ಒಬ್ಬರ ಭುಜ ಒಬ್ಬರು ಹಿಡಿದು, ನರಳುತ್ತಾ, ತಮ್ಮ ಕಾಲನ್ನೇ ಶಪಿಸುತ್ತಾ, ಅಷ್ಟೂ ಜನ ಎದ್ದು ನಿಂತರು. ಪೊರಕೆ ಊರಿಗೆ ಬಂದಾಗ ಯಾರೂ ಕೂತಿರುವಂತಿಲ್ಲವಂತೆ. ಅದು ಬಂತು ಅಂದರೆ ಗುಡ್ಡದಲ್ಲಿ ಯಾರೂ ಉಳಿದಿಲ್ಲ ಅಂತ.

ಆರ್ಥರ್ ಗಂಟೆ ಹೊಡೆದರು. ಕೈ ಸೋಲುವವರೆಗೆ ಹೊಡೆದರು.

ಡಾಕ್ಟರು ಕೋಲೂರಿಕೊಂಡು ಬಂದು ಪೊರಕೆ ಬಿಚ್ಚಿದರು. "ಉಪ್ಪಿಟ್ಟು ಚೆನ್ನಾಗಿತ್ತು," ಅಂದರು.

ಸೂಳಗಿರಿ

ಅಲ್ಲಿಯ ಪತ್ರಿಕೆಯಲ್ಲಿ ನನ್ನ ಫೋಟೋ ಬಂತು. ಡಾರತಿ ಕತ್ತರಿಸಿ ಪೆಟ್ಟಿಗೆಗೆ ಹಾಕಿದ್ದಳು. ತೋರಿಸಬೇಕೋ ಬೇಡವೋ ಅಂತ ಊರಿಗೆ ಬಂದ ಮೇಲೂ ಕೆಲವು ದಿನ ಇಟ್ಟುಕೊಂಡಿದ್ದೆ. ಕಡೆಗೆ ಒಂದು ಭಾನುವಾರ, ಅಮ್ಮ ಹುಣಸೆಹಣ್ಣು ಬಿಡಿಸುತ್ತಿದ್ದಾಗ, ಮುಂದಿಟ್ಟೆ.

ಅವಳ ಕೈ ನಿಂತಿತು. ಫೋಟೋವನ್ನು ಬೆಳಕಿಗೆ ಹಿಡಿದಳು, ಹತ್ತಿರ ತಂದಳು, ದೂರ ಹಿಡಿದಳು.

"ಇದುಕ್ಕಾ ನಿನ್ನ ಓದ್ಸಿದ್ದು?"

"ಕೇಳಮ್ಮ ಇಲ್ಲಿ."

"ವಿಮಾನ ಹತ್ಸಿ ಕಳ್ಸಿದ್ದಿದುಕ್ಕಾ?"

ಎಲ್ಲ ಹೇಳಿದೆ. ಕುರ್ಚಿ, ಎಣ್ಣೆ, ಮಂಜಿನಲ್ಲಿ ಸತ್ತ ಹುಡುಗ, ಮುನಿರಾಜು ಕೈ ಚಾಚಿದ್ದು, ಗಂಟೆ, ಜನ ಎದ್ದು ನಿಂತದ್ದು. ಮುನಿರಾಜುವಿನ ಮಾತು ಬಂದಾಗ ಒಮ್ಮೆ ತಲೆಯೆತ್ತಿ ನೋಡಿದಳು. ಮತ್ತೆ ಹುಣಸೆಬೀಜ ಬಿಡಿಸುತ್ತಾ ಕೇಳಿದಳು.

"ಆ ಡಾಕ್ಟ್ರು ದಿನಾ ಕಟ್ಕೋತಾನಾ ಅದನ್ನ?"

"ಇಲ್ಲಮ್ಮ. ವರ್ಷಕ್ಕೊಂದಿನ."

"ಅಂಗೇಳು," ಅಂದಳು ಅಮ್ಮ. ಫೋಟೋವನ್ನು ನನ್ನ ಕೈಗೆ ಕೊಟ್ಟಳು. "ವರ್ಸಕ್ಕೊಂದಿನ ಅಂದ್ರೆ ನಾನೂ ನಗ್ನಗ್ತಾ ಕಟ್ಕೋತಿದ್ದೆ."

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಸರಸರ ಸದ್ದಿಗೆ ಎಚ್ಚರವಾಯಿತು. ಎದ್ದು ಹೋಗಿ ಪೊರಕೆಗೆ ಕೈ ಚಾಚಿದೆ. ಅಮ್ಮ ಕೊಡಲಿಲ್ಲ.